ಮಳೆ ನಕ್ಷತ್ರಗಳ ಹುಟ್ಟು ಸಾವು

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಲ್ಲಿ ‘ನಕ್ಷತ್ರ’ ಎಂಬ ಮಾತು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಕೇಳಿಬರುತ್ತದೆ. ಒಂದು ಬಿತ್ತನೆಯ ಕಾಲ. ಇನ್ನೊಂದು ಮದುವೆಯ ಮಾತುಕತೆ. ರೋಹಿಣಿ ಹೇಗೆ ಹುಯ್ದಿತು, ಮೃಗಶಿರೆ ಕೈಕೊಟ್ಟಿತೇ, ಆರಿದ್ರೆಯಲ್ಲಾದರೂ ಕಡಲೆಕಾಯಿ ಬೀಜ ನೆಲಕ್ಕೆ ಬಿದ್ದೀತೇ ಎಂದು ರೈತನು ಲೆಕ್ಕ ಹಾಕುತ್ತಾನೆ. ಹುಡುಗಿಯ ನಕ್ಷತ್ರ ಯಾವುದು, ಅದು ನಮ್ಮ ಮನೆಗೆ ಆಗಿಬರುತ್ತದೆಯೇ ಎಂದು ಹುಡುಗನ ಕಡೆಯ ಹಿರಿಯರು ಕೇಳುತ್ತಾರೆ. ಮೊದಲನೆಯ ಲೆಕ್ಕದಿಂದ ಹೊಟ್ಟೆಗೆ ಹಿಟ್ಟು ಹುಟ್ಟಿದೆ. ಎರಡನೆಯ ಲೆಕ್ಕದಿಂದ ಎಷ್ಟೋ ಹೆಣ್ಣುಮಕ್ಕಳ ಕಣ್ಣಿನಲ್ಲಿ ನೀರು ಬಂದಿದೆ. ಆದರೆ ಆರಿದ್ರೆ, ಮೂಲಾ ಎಂದು ನಾವು ಕರೆಯುವ ಆ ಬೆಳಕಿನ ಚುಕ್ಕೆಗಳು ನಿಜವಾಗಿ ಏನು, ಅವು ಎಷ್ಟು ದೂರದಲ್ಲಿವೆ, ಅವಕ್ಕೂ ಹುಟ್ಟು ಸಾವುಗಳುಂಟೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಗೆ ವಿಜ್ಞಾನವು ಕೊಟ್ಟಿರುವ ಉತ್ತರವನ್ನು ನನ್ನಂಥ ಕಲಾ ವಿಭಾಗದ ವಿದ್ಯಾರ್ಥಿಗೆ ತಿಳಿದ ಮಟ್ಟಿಗೆ, ಗಣಿತದ ಸಮೀಕರಣಗಳ ಗೊಡವೆಯಿಲ್ಲದೆ, ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಮಳೆಯ ಲೆಕ್ಕವನ್ನೇ ನೋಡೋಣ. ಆಕಾಶದಲ್ಲಿ ಸೂರ್ಯನು ವರ್ಷಕ್ಕೊಮ್ಮೆ ಸುತ್ತಿಬರುವಂತೆ ಕಾಣುವ ದಾರಿಯನ್ನು ನಮ್ಮ ಪೂರ್ವಿಕರು ಇಪ್ಪತ್ತೇಳು ಭಾಗ ಮಾಡಿ, ಒಂದೊಂದು ಭಾಗಕ್ಕೆ ಅಲ್ಲಿನ ಒಂದು ನಕ್ಷತ್ರದ ಅಥವಾ ನಕ್ಷತ್ರಗಳ ಗುಂಪಿನ ಹೆಸರಿಟ್ಟರು. ಒಂದು ಭಾಗವನ್ನು ದಾಟಲು ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನ ಹಿಡಿಯುತ್ತದೆ. ಜೂನ್ ತಿಂಗಳ 22ರ ಸುಮಾರಿಗೆ ಸೂರ್ಯನು ಆರಿದ್ರೆಯ ಭಾಗವನ್ನು ಹೊಗುತ್ತಾನೆ. ಆಗ ಬೀಳುವುದು ಆರಿದ್ರೆ ಮಳೆ. ಇಲ್ಲಿ ಒಂದು ಸ್ವಾರಸ್ಯವುಂಟು. ಸೂರ್ಯನು ಅದೇ ದಿಕ್ಕಿನಲ್ಲಿ ಇರುವುದರಿಂದ, ಆರಿದ್ರೆ ಮಳೆ ಸುರಿಯುವ ಆ ಹದಿನಾಲ್ಕು ದಿನ ಆರಿದ್ರೆ ನಕ್ಷತ್ರವು ಯಾರ ಕಣ್ಣಿಗೂ ಕಾಣುವುದಿಲ್ಲ! ನಕ್ಷತ್ರವು ಮಳೆಯನ್ನು ತರುವುದಿಲ್ಲ. ಸೂರ್ಯನು ಎಲ್ಲಿಗೆ ಬಂದಿದ್ದಾನೆ, ಋತು ಎಷ್ಟು ಸರಿದಿದೆ ಎಂಬುದನ್ನು ಸೂಚಿಸುತ್ತದೆ. ಅಂದರೆ ಇದು ಅಕ್ಷರ ಬಾರದವರೂ ಬಾಯಲ್ಲಿ ಇಟ್ಟುಕೊಳ್ಳಬಹುದಾದ ಒಂದು ಪಂಚಾಂಗ. ಕಾಗದದ ಮೇಲೆ ಒಂದಕ್ಷರವನ್ನೂ ಓದಲಾರದ ನಮ್ಮ ಅಜ್ಜಿಯರು ಅಶ್ವಿನಿಯಿಂದ ಹಿಡಿದು ಮಳೆಗಳನ್ನೆಲ್ಲ ಸಾಲಾಗಿ ಹೇಳಬಲ್ಲರು. ಇದನ್ನು ಅಂಧಶ್ರದ್ಧೆಯೆನ್ನುವವರು ದುಡುಕುತ್ತಾರೆ. ಇದು ತಲೆತಲಾಂತರದಿಂದ ನೋಡಿ ಕೂಡಿಟ್ಟ ತಿಳುವಳಿಕೆ.

ಆರಿದ್ರೆಯನ್ನು ಕಣ್ಣಾರೆ ಕಾಣಬೇಕಾದರೆ ರಾಗಿ ಒಕ್ಕುವ ಕಾಲಕ್ಕೆ, ಜನವರಿಯ ಚಳಿಯ ಸಂಜೆಗೆ ಕಾಯಬೇಕು. ಕತ್ತಲಾದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತರೆ, ಒಂದರ ಮೇಲೊಂದು ಇಟ್ಟಂತೆ ಮೂರು ನಕ್ಷತ್ರಗಳು ಸಾಲಾಗಿ ಕಾಣುತ್ತವೆ. ಆ ಮೂರರ ಎಡಕ್ಕೆ, ಅಂದರೆ ಉತ್ತರಕ್ಕೆ, ಕೆಂಡದ ಬಣ್ಣದ ದೊಡ್ಡ ನಕ್ಷತ್ರವೊಂದಿದೆ. ಅದೇ ಆರಿದ್ರೆ, ಪಾಶ್ಚಾತ್ಯರು ಬೆಟೆಲ್‌ಜ್ಯೂಸ್ ಎಂದು ಕರೆಯುವುದು ಇದನ್ನೇ. ಅದರ ಗಾತ್ರ ಊಹೆಗೆ ನಿಲುಕದು. ಸೂರ್ಯನನ್ನು ತೆಗೆದು ಆ ಸ್ಥಳದಲ್ಲಿ ಆರಿದ್ರೆಯನ್ನು ಇಟ್ಟರೆ, ಬುಧ, ಶುಕ್ರ, ನಮ್ಮ ಭೂಮಿ, ಮಂಗಳ ಇಷ್ಟೂ ಅದರ ಒಡಲೊಳಗೆ ಅಡಗಿಹೋಗುತ್ತವೆ. ಇಷ್ಟು ದೊಡ್ಡದು ಚುಕ್ಕೆಯಾಗಿ ಕಾಣಬೇಕಾದರೆ ಅದು ಎಷ್ಟು ದೂರವಿರಬೇಕು!

ಈ ದೂರಗಳನ್ನು ಮೈಲಿಯಲ್ಲಿಯೋ ಕಿಲೋಮೀಟರಿನಲ್ಲಿಯೋ ಹೇಳಿದರೆ ಸೊನ್ನೆಗಳ ಸಾಲೇ ಉಳಿಯುತ್ತದೆ. ಆದ್ದರಿಂದ ಖಗೋಳ ವಿಜ್ಞಾನಿಗಳು ಬೆಳಕನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ಒಂದು ವರ್ಷದಲ್ಲಿ ಅದು ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ. ಒಂದು ಹೋಲಿಕೆಯಿಂದ ಇದು ಸ್ಪಷ್ಟವಾದೀತು. ಸೂರ್ಯನನ್ನು ಒಂದು ರಾಗಿಕಾಳಿನಷ್ಟು ಕುಗ್ಗಿಸಿ ಮಧುಗಿರಿಯ ಬಸ್ ನಿಲ್ದಾಣದಲ್ಲಿ ಇಟ್ಟೆವೆನ್ನೋಣ. ಆಗ ಭೂಮಿಯು ಅದರಿಂದ ಒಂದು ಗೇಣಿನಷ್ಟು ದೂರದಲ್ಲಿ, ಕಣ್ಣಿಗೆ ಕಾಣದ ಧೂಳಿನ ಕಣವಾಗಿರುತ್ತದೆ. ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವೆಂಬ ಇನ್ನೊಂದು ಕಾಳು ಸುಮಾರು 43 ಕಿಲೋಮೀಟರಿನಾಚೆ, ಅಂದರೆ ಹೆಚ್ಚುಕಡಿಮೆ ತುಮಕೂರಿನಲ್ಲಿ ಇರುತ್ತದೆ. ನಡುವೆ ಬಹುಮಟ್ಟಿಗೆ ಬರಿಯ ಬಯಲು.

ಸ್ವಾತಿ ನಕ್ಷತ್ರವು ಸುಮಾರು 37 ಜ್ಯೋತಿರ್ವರ್ಷ ದೂರದಲ್ಲಿದೆ. ಇಂದು ರಾತ್ರಿ ನಾವು ಕಾಣುವ ಸ್ವಾತಿಯ ಬೆಳಕು ನಮ್ಮ ತಂದೆತಾಯಿಗಳು ಹುಡುಗ ಹುಡುಗಿಯರಾಗಿದ್ದಾಗ ಹೊರಟದ್ದು. ರೋಹಿಣಿ ಸುಮಾರು 65 ಜ್ಯೋತಿರ್ವರ್ಷ. ಅದು ನಮ್ಮ ಅಜ್ಜಂದಿರ ಯೌವನದ ಬೆಳಕು. ಆರಿದ್ರೆಯಾದರೋ ಸುಮಾರು 500ರಿಂದ 700 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಬೆಳಕು ವಿಜಯನಗರದ ಅರಸರು ಆಳುತ್ತಿದ್ದ ಕಾಲದಲ್ಲಿ ಹೊರಟು ಈಗ ನಮ್ಮ ಕಣ್ಣನ್ನು ಸೇರುತ್ತಿದೆ. ಇತಿಹಾಸದ ವಿದ್ಯಾರ್ಥಿಗಳು ಶಾಸನಗಳಿಂದ ಹಳೆಯ ಕಾಲವನ್ನು ಓದುತ್ತಾರೆ. ಖಗೋಳ ವಿಜ್ಞಾನಿಯ ಮುಂದೆ ಹಳೆಯ ಕಾಲವು ತಾನೇ ಬಂದು ನಿಲ್ಲುತ್ತದೆ.

ಇನ್ನು ನಕ್ಷತ್ರವು ಉರಿಯುವ ಬಗೆ. ನಮಗೆ ಅತಿ ಹತ್ತಿರದ ನಕ್ಷತ್ರ ಸೂರ್ಯನೇ. ಅದು ಸೌದೆಯಂತೆ ಉರಿಯುವುದಿಲ್ಲ. ಅದರ ಗರ್ಭದಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿಯ ಕಾವು. ಆ ಕಾವಿನಲ್ಲಿ ಜಲಜನಕದ ಪರಮಾಣು ಬೀಜಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುತ್ತವೆ. ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕವು ಹೀಗೆ ಮಾರ್ಪಡುತ್ತದೆ. ಅದರಲ್ಲಿ ಸುಮಾರು 40 ಲಕ್ಷ ಟನ್ನಿನಷ್ಟು ದ್ರವ್ಯವು ಶಕ್ತಿಯಾಗಿ ಹೊರಬೀಳುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಉದ್ಯಾನವು ಹಿಡಿಯುವುದು ಈ ಶಕ್ತಿಯ ಒಂದು ಕಣವನ್ನು ಮಾತ್ರ. ಮಳೆ ಬಾರದೆ ಬಿಸಿಲಿಗೆ ಶಾಪ ಹಾಕುತ್ತಿದ್ದ ನೆಲದಲ್ಲಿ ಈಗ ಆ ಬಿಸಿಲೇ ಬೆಳೆಯಾಗಿದೆ.

ನಕ್ಷತ್ರವು ಯಾಕೆ ಒಮ್ಮೆಗೇ ಸಿಡಿದುಹೋಗುವುದಿಲ್ಲ, ಯಾಕೆ ಕುಸಿಯುವುದಿಲ್ಲ ಎಂದು ಕೇಳಬಹುದು. ಮುದ್ದೆಯ ಎಸರು ಕುದಿಯುವಾಗ ಪಾತ್ರೆಯ ಮುಚ್ಚಳವನ್ನು ಗಮನಿಸಿ. ಒಳಗಿನ ಆವಿಯು ಅದನ್ನು ಮೇಲಕ್ಕೆ ನೂಕುತ್ತದೆ. ಅದರ ಭಾರವು ಅದನ್ನು ಕೆಳಕ್ಕೆ ಒತ್ತುತ್ತದೆ. ನಕ್ಷತ್ರದಲ್ಲಿಯೂ ಹೀಗೆಯೇ. ಒಳಗಿನ ಕಾವಿನ ಒತ್ತಡ ಹೊರಕ್ಕೆ, ತನ್ನದೇ ಭಾರದ ಗುರುತ್ವಾಕರ್ಷಣೆ ಒಳಕ್ಕೆ. ಎರಡೂ ಸಮನಾಗಿರುವವರೆಗೆ ನಕ್ಷತ್ರವು ಸ್ವಸ್ಥವಾಗಿರುತ್ತದೆ. ಒಲೆಯ ಉರಿ ಆರಿತೆಂದರೆ ಭಾರದ್ದೇ ಮೇಲುಗೈ. ನಕ್ಷತ್ರದ ಕಥೆಯೆಲ್ಲ ಈ ಒಂದು ಹೋರಾಟದ ಕಥೆ.

ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ ವಯಸ್ಸು. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಸಾಲುವಷ್ಟು ಇಂಧನವುಂಟು. ಆರಿದ್ರೆಯ ದ್ರವ್ಯರಾಶಿ ಸೂರ್ಯನ ಹತ್ತುಪಟ್ಟಿಗೂ ಮಿಗಿಲು. ಹಾಗಾದರೆ ಅದು ಹೆಚ್ಚು ಕಾಲ ಬಾಳಬೇಕಲ್ಲವೇ? ಅಲ್ಲ. ದೊಡ್ಡ ಆಸ್ತಿಯಿದ್ದೂ ದುಂದುವೆಚ್ಚ ಮಾಡುವ ಮನೆತನ ಬೇಗ ಬರಿದಾಗುವಂತೆ, ದೊಡ್ಡ ನಕ್ಷತ್ರವು ತನ್ನ ಇಂಧನವನ್ನು ವಿಪರೀತ ವೇಗದಲ್ಲಿ ಉರಿಸುತ್ತದೆ. ಆರಿದ್ರೆಯ ವಯಸ್ಸು ಸುಮಾರು ಒಂದು ಕೋಟಿ ವರ್ಷವೆಂದು ಅಂದಾಜು. ಆಗಲೇ ಅದು ಮುಪ್ಪಿನಲ್ಲಿದೆ. ನಮ್ಮ ಭಾಗದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಹೇಳುವ ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲೆಯ ಬೆಟ್ಟವು ತನ್ನ ಮೇಲೆ ಮಿನುಗುವ ಆರಿದ್ರೆಗಿಂತ ನೂರಾರು ಪಟ್ಟು ಹಳೆಯದೆಂದರೆ ಯಾರಿಗೆ ತಾನೇ ಸೋಜಿಗವಾಗದು? ನಕ್ಷತ್ರಗಳು ಶಾಶ್ವತವೆಂದು ಕವಿಗಳು ಹೇಳಬಹುದು. ಕೆಲವು ನಕ್ಷತ್ರಗಳು ನಮ್ಮೂರ ಬಂಡೆಗಿಂತ ಅಲ್ಪಾಯುಗಳು.

ಸೂರ್ಯನಂಥ ನಕ್ಷತ್ರದ ಸಾವು ಶಾಂತವಾದದ್ದು. ಅದು ಮೊದಲು ಉಬ್ಬಿ ಕೆಂಪಾಗುತ್ತದೆ. ಆಮೇಲೆ ಹೊರಗಿನ ಹೊದಿಕೆಯನ್ನು ಕಳಚಿ, ಭೂಮಿಯ ಗಾತ್ರದ ಬಿಳಿಯ ಕೆಂಡವಾಗಿ ಉಳಿಯುತ್ತದೆ. ಇದಕ್ಕೆ ಶ್ವೇತಕುಬ್ಜವೆಂದು ಹೆಸರು. ಎಲ್ಲ ನಕ್ಷತ್ರಗಳ ಗತಿಯೂ ಇದೇ ಎಂದು ಒಂದು ಕಾಲಕ್ಕೆ ನಂಬಿಕೆಯಿತ್ತು. 1930ರಲ್ಲಿ ಮದರಾಸಿನಲ್ಲಿ ಪದವಿ ಮುಗಿಸಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹತ್ತೊಂಬತ್ತರ ಯುವಕ ಸುಬ್ರಹ್ಮಣ್ಯನ್ ಚಂದ್ರಶೇಖರ್, ಆ ಪ್ರಯಾಣದಲ್ಲಿಯೇ ಲೆಕ್ಕ ಹಾಕಿ ಒಂದು ಮಿತಿಯ ಸುಳಿವು ಹಿಡಿದರು. ಉಳಿದ ಕೆಂಡದ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಿದರೆ ಅದು ಶ್ವೇತಕುಬ್ಜವಾಗಿ ನಿಲ್ಲಲಾರದು, ಕುಸಿಯಲೇಬೇಕು. ಆಗಿನ ಹಿರಿಯ ವಿಜ್ಞಾನಿ ಎಡಿಂಗ್ಟನ್ನರು 1935ರಲ್ಲಿ ತುಂಬಿದ ಸಭೆಯಲ್ಲಿ ಇದನ್ನು ಅಲ್ಲಗಳೆದರು. ಆದರೆ ಕಾಲವು ಯುವಕನ ಪರವಾಗಿ ತೀರ್ಪಿತ್ತಿತು. 1983ರಲ್ಲಿ ಚಂದ್ರಶೇಖರರಿಗೆ ನೊಬೆಲ್ ಪಾರಿತೋಷಕ ಬಂತು.

ಆರಿದ್ರೆಯಂಥ ಭಾರಿ ನಕ್ಷತ್ರದ ಅಂತ್ಯ ಹೀಗೆ ಶಾಂತವಾಗಿರುವುದಿಲ್ಲ. ಜಲಜನಕ ತೀರಿದ ಮೇಲೆ ಅದು ಹೀಲಿಯಂ ಉರಿಸಿ ಇಂಗಾಲ ಮಾಡುತ್ತದೆ. ಇಂಗಾಲದಿಂದ ಮುಂದೆ ಆಮ್ಲಜನಕ, ಸಿಲಿಕಾನ್ ಎಂದು ಹಂತಹಂತವಾಗಿ ಕೊನೆಗೆ ಕಬ್ಬಿಣದವರೆಗೆ ಬರುತ್ತದೆ. ಕಬ್ಬಿಣವೇ ಕೊನೆಯ ಮೆಟ್ಟಿಲು. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಬದಲಿಗೆ ಖರ್ಚಾಗುತ್ತದೆ. ಒಲೆ ಅಲ್ಲಿಗೆ ಆರಿತು. ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಭೂಮಿಯ ಗಾತ್ರದ ಕಬ್ಬಿಣದ ಗರ್ಭವು ತನ್ನ ಮೇಲೆ ತಾನೇ ಕುಸಿಯುತ್ತದೆ. ಒಳಗೆ ಕುಸಿದದ್ದು ಗಟ್ಟಿಯಾಗಿ ಪುಟಿಯುತ್ತದೆ. ಹೊರಗಿನ ಪದರಗಳೆಲ್ಲ ಭಯಂಕರವಾಗಿ ಸಿಡಿಯುತ್ತವೆ. ಇದೇ ಸೂಪರ್‌ನೋವಾ. ನಾವು ಸಿಡಿತಾರೆ ಎನ್ನೋಣ. ಕೆಲವು ವಾರಗಳ ಕಾಲ ಆ ಒಂದು ನಕ್ಷತ್ರವು ಕೋಟ್ಯಂತರ ಸೂರ್ಯರಷ್ಟು ಬೆಳಗುತ್ತದೆ.

ಇದು ಬರಿಯ ಊಹೆಯಲ್ಲ. 1987ರ ಫೆಬ್ರವರಿಯಲ್ಲಿ ಸುಮಾರು 1 ಲಕ್ಷ 68 ಸಾವಿರ ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರ ಸಿಡಿದದ್ದನ್ನು ದಕ್ಷಿಣ ಗೋಲಾರ್ಧದ ಜನ ಬರಿಗಣ್ಣಿನಿಂದಲೇ ಕಂಡರು. ಬೆಳಕು ಕಾಣಿಸುವ ಕೆಲವು ಗಂಟೆ ಮೊದಲೇ, ಆ ಕುಸಿತದಿಂದ ಹೊರಟ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳಲ್ಲಿ ಸುಮಾರು ಇಪ್ಪತ್ತೈದು ಜಪಾನ್, ಅಮೆರಿಕ ಮತ್ತು ರಷ್ಯಗಳ ನೆಲದಾಳದ ಉಪಕರಣಗಳಿಗೆ ಸಿಕ್ಕವು. ನೆಲದಾಳದಲ್ಲಿ ನ್ಯೂಟ್ರಿನೋ ಹಿಡಿಯುವ ಈ ವಿದ್ಯೆಯಲ್ಲಿ ನಮ್ಮ ನಾಡಿಗೂ ಪಾಲುಂಟು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಗುರುತಿಸಿದ್ದು ಜಗತ್ತಿನ ಮೊದಮೊದಲ ಪ್ರಯೋಗಗಳಲ್ಲಿ ಒಂದು.

ಆರಿದ್ರೆಯೂ ಹೀಗೆ ಸಿಡಿದರೆ ನಮ್ಮ ಗತಿಯೇನು? 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಅದು ಎಂದೂ ಇಲ್ಲದಷ್ಟು ಮಂಕಾದಾಗ ಈ ಭಯ ಹಲವರ ಬಾಯಲ್ಲಿ ಹರಿದಾಡಿತು. ಆಮೇಲೆ ತಿಳಿದುಬಂದದ್ದೇನೆಂದರೆ, ನಕ್ಷತ್ರವು ಉಗುಳಿದ ಅನಿಲವು ತಣಿದು ಧೂಳಾಗಿ ಅದರ ಮುಖಕ್ಕೆ ಅಡ್ಡ ಬಂದಿತ್ತು. ಅದು ಸಿಡಿಯುವುದು ನಿಶ್ಚಯ. ಆದರೆ ಮುಂದಿನ ಒಂದು ಲಕ್ಷ ವರ್ಷದೊಳಗೆ ಯಾವಾಗಲಾದರೂ ಆಗಬಹುದು ಎಂಬಷ್ಟೇ ಈಗ ಹೇಳಬಹುದಾದ ಮಾತು. ಸಿಡಿದಾಗ ಹಗಲಿನಲ್ಲಿಯೂ ಕಾಣುವಷ್ಟು ಹೊಳೆದೀತು. ಭೂಮಿಗೆ ಕೇಡಾಗಬೇಕಾದರೆ ನಕ್ಷತ್ರವು ಕೆಲವು ಹತ್ತು ಜ್ಯೋತಿರ್ವರ್ಷಗಳೊಳಗೆ ಸಿಡಿಯಬೇಕು. ಆರಿದ್ರೆ ಅದರ ಹತ್ತುಪಟ್ಟಿಗೂ ಆಚೆ ಇದೆ. ಬಿತ್ತನೆಗೂ ಬೆಳೆಗೂ ಅದರಿಂದ ಬಾಧಕವಿಲ್ಲ.

ಸಿಡಿದ ಮೇಲೆ ಉಳಿಯುವುದೇನು? 1054ರಲ್ಲಿ ರೋಹಿಣಿಗೂ ಮಿಥುನ ರಾಶಿಗೂ ನಡುವೆ ಒಂದು ಹೊಸ ನಕ್ಷತ್ರ ಕಾಣಿಸಿಕೊಂಡು, 23 ದಿನ ಹಗಲಿನಲ್ಲಿಯೂ ಬೆಳಗಿತೆಂದು ಚೀನದ ಜ್ಯೋತಿಷಿಗಳು ಬರೆದಿಟ್ಟಿದ್ದಾರೆ. ಆಗ ನಮ್ಮಲ್ಲಿ ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಆಳ್ವಿಕೆ. ಅದೇ ಸ್ಥಳದಲ್ಲಿ ಇಂದು ದೂರದರ್ಶಕದಿಂದ ನೋಡಿದರೆ ಹರಡುತ್ತಿರುವ ಅನಿಲದ ಮೋಡವೊಂದು ಕಾಣುತ್ತದೆ. ಏಡಿ ನೀಹಾರಿಕೆಯೆಂದು ಅದರ ಹೆಸರು. ಅದರ ನಡುವೆ ಸುಮಾರು 20 ಕಿಲೋಮೀಟರು ಅಡ್ಡಳತೆಯ ಒಂದು ಗುಂಡು. ಸೂರ್ಯನಿಗಿಂತ ಹೆಚ್ಚು ದ್ರವ್ಯವು ಕೊರಟಗೆರೆ ತಾಲ್ಲೂಕಿನೊಳಗೆ ಹಿಡಿಸುವಷ್ಟು ಗಾತ್ರಕ್ಕೆ ಅದುಮಿಹೋಗಿದೆ. ಅದರ ಒಂದು ಚಮಚ ದ್ರವ್ಯವು ಕೋಟ್ಯಂತರ ಟನ್ ತೂಗೀತು. ಇದು ನ್ಯೂಟ್ರಾನ್ ನಕ್ಷತ್ರ. ಸೆಕೆಂಡಿಗೆ 30 ಬಾರಿ ತಿರುಗುತ್ತಾ, ದೀಪಸ್ತಂಭದ ಬೆಳಕಿನಂತೆ ರೇಡಿಯೋ ಅಲೆಗಳನ್ನು ಬೀಸುತ್ತದೆ. ಇಂಥ ಮಿಡಿಯುವ ನಕ್ಷತ್ರಗಳಿಗೆ ಪಲ್ಸಾರ್ ಎನ್ನುತ್ತಾರೆ. ಮೊದಲ ಪಲ್ಸಾರನ್ನು 1967ರಲ್ಲಿ ಪತ್ತೆ ಹಚ್ಚಿದವರು ಜಾಸೆಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿ.

ಇಂಥ ನಕ್ಷತ್ರಗಳ ಮಿಡಿತವನ್ನು ಆಲಿಸಿದ ಒಂದು ಸ್ಥಳ ನಮ್ಮ ಮಗ್ಗುಲಲ್ಲೇ ಇದೆಯೆಂಬುದು ಹಲವರಿಗೆ ತಿಳಿಯದು. ಮಧುಗಿರಿ ತಾಲ್ಲೂಕಿನ ಎಲ್ಲೆ ದಾಟಿದರೆ ಗೌರಿಬಿದನೂರು. ಅಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ 1976ರಲ್ಲಿ ಒಂದು ರೇಡಿಯೋ ದೂರದರ್ಶಕವನ್ನು ಆರಂಭಿಸಿದವು. ಅದಕ್ಕೆ ಗಾಜಿನ ಮಸೂರವಿರಲಿಲ್ಲ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ, ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು, ದಕ್ಷಿಣಕ್ಕೆ ಸುಮಾರು 450 ಮೀಟರು ಉದ್ದಕ್ಕೆ ಸಾಲಾಗಿ ನಿಲ್ಲಿಸಿದ 1,000 ಆಂಟೆನಾಗಳೇ ಅದರ ಕಣ್ಣು. ಬಾನುಲಿ ಪೆಟ್ಟಿಗೆಯು ಬಾನುಲಿ ಕೇಂದ್ರವನ್ನು ಹಿಡಿಯುವಂತೆ, ಅದು 34.5 ಮೆಗಾಹರ್ಟ್ಸ್ ಕಂಪನದಲ್ಲಿ ಆಕಾಶದಿಂದ ಬರುವ ಅಲೆಗಳನ್ನು ಹಿಡಿಯುತ್ತಿತ್ತು. ಹಳೆಯ ಸಿಡಿತಾರೆಗಳ ಅವಶೇಷಗಳನ್ನೂ ಪಲ್ಸಾರ್‌ಗಳನ್ನೂ ಅಲ್ಲಿಂದ ಅಭ್ಯಾಸ ಮಾಡಿದರು. 1990ರಲ್ಲಿ ಈ ಕಂಪನದ ಆಕಾಶದ ಒಂದು ದೊಡ್ಡ ಸಮೀಕ್ಷೆಯೂ ಪ್ರಕಟವಾಯಿತು. ದನ ಮೇಯುವ ಬಯಲಿನಲ್ಲಿ ನಿಂತ ತಂತಿಗಳು ಸಾವಿರಾರು ವರ್ಷ ಹಿಂದೆ ಸತ್ತ ನಕ್ಷತ್ರಗಳ ಸುದ್ದಿಯನ್ನು ಕೇಳಿದವು!

ಗರ್ಭದ ದ್ರವ್ಯ ಇನ್ನೂ ಹೆಚ್ಚಾಗಿದ್ದರೆ ನ್ಯೂಟ್ರಾನ್ ನಕ್ಷತ್ರವೂ ಆ ಭಾರವನ್ನು ತಾಳಲಾರದು. ಆಗ ಹುಟ್ಟುವುದು ಕಪ್ಪುರಂಧ್ರ. ಒಂದು ಕಲ್ಲನ್ನು ಮೇಲಕ್ಕೆಸೆದರೆ ಕೆಳಕ್ಕೆ ಬೀಳುತ್ತದೆ. ಸೆಕೆಂಡಿಗೆ 11.2 ಕಿಲೋಮೀಟರು ವೇಗದಲ್ಲಿ ಎಸೆಯಲು ಸಾಧ್ಯವಾದರೆ, ಗಾಳಿಯ ತಡೆಯನ್ನು ಬಿಟ್ಟು ಹೇಳುವುದಾದರೆ, ಅದು ಭೂಮಿಯ ಹಿಡಿತದಿಂದ ಪಾರಾಗುತ್ತದೆ. ಇದೇ ಭೂಮಿಯನ್ನು ಅದುಮುತ್ತ ಹೋದರೆ ಪಾರಾಗಲು ಬೇಕಾದ ವೇಗವೂ ಏರುತ್ತದೆ. ಹುಡುಗರು ಆಡುವ ಗೋಲಿಯ ಗಾತ್ರಕ್ಕೆ ಇಳಿಸಿದರೆ ಆ ವೇಗವು ಬೆಳಕಿನ ವೇಗವನ್ನು ಮುಟ್ಟುತ್ತದೆ. ಬೆಳಕೇ ಹೊರಬಾರದ ಮೇಲೆ ಬೇರೆ ಏನು ತಾನೇ ಬಂದೀತು? ಕಪ್ಪುರಂಧ್ರವು ಎಲ್ಲವನ್ನೂ ದೂರದಿಂದಲೇ ಹೀರಿ ನುಂಗುವ ರಾಕ್ಷಸನೆಂಬುದು ತಪ್ಪು ಕಲ್ಪನೆ. ಸೂರ್ಯನ ಸ್ಥಳದಲ್ಲಿ ಅಷ್ಟೇ ದ್ರವ್ಯದ ಕಪ್ಪುರಂಧ್ರವಿದ್ದರೆ ಭೂಮಿಯು ಈಗಿನಂತೆಯೇ ಸುತ್ತುತ್ತಿರುತ್ತದೆ; ಬೆಳಕು ಮಾತ್ರ ಇರುವುದಿಲ್ಲ.

ಈ ವಿಷಯದಲ್ಲಿ ಕನ್ನಡಿಗರೊಬ್ಬರ ಹೆಸರನ್ನು ಹೇಳದೆ ಮುಂದುವರಿಯುವುದು ಸಲ್ಲದು. ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ ಅವರು 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದರು. ಕಪ್ಪುರಂಧ್ರಗಳು ಇವೆಯೋ ಇಲ್ಲವೋ ಎಂದೇ ವಾದವಿದ್ದ ಕಾಲವದು. ಒಂದು ಕಪ್ಪುರಂಧ್ರವನ್ನು ಕದಡಿದರೆ ಅದು ಒಡೆದುಹೋಗುತ್ತದೆಯೇ, ತಾಳಿಕೊಳ್ಳುತ್ತದೆಯೇ ಎಂಬುದನ್ನು ಅವರು ಲೆಕ್ಕ ಹಾಕಿದರು. ತಾಳಿಕೊಳ್ಳುತ್ತದೆ ಎಂಬುದು ಉತ್ತರ. ದೇವಸ್ಥಾನದ ಗಂಟೆಯನ್ನು ಬಾರಿಸಿದರೆ ಅದರ ಗಾತ್ರಕ್ಕೆ ತಕ್ಕ ನಾದ ಹೊರಟು, ಕ್ರಮೇಣ ಅಡಗುತ್ತದೆಯಷ್ಟೆ. ಹಾಗೆಯೇ ಕದಡಿದ ಕಪ್ಪುರಂಧ್ರದಿಂದ ಗುರುತ್ವದ ಅಲೆಗಳು ಹೊರಟು, ಬೇಗ ಬೇಗ ಕುಗ್ಗಿ ಅಡಗುತ್ತವೆ ಎಂದು ಅವರು 1970ರಲ್ಲಿ ಪ್ರಕಟಿಸಿದರು. 2015ರ ಸೆಪ್ಟೆಂಬರ್ 14ರಂದು, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುರಂಧ್ರಗಳು ಕೂಡಿದ್ದರ ಅಲೆ ಅಮೆರಿಕದ ಲೈಗೋ ಉಪಕರಣಗಳಿಗೆ ಸಿಕ್ಕಿತು. ಆ ಅಲೆಯ ಕೊನೆಯ ಭಾಗವು ಅಡಗುವ ಗಂಟೆಯ ನಾದದಂತೆಯೇ ಇತ್ತು. 2016ರ ಫೆಬ್ರವರಿ 11ರಂದು ಈ ಸುದ್ದಿ ಪ್ರಕಟವಾದಾಗ ವಿಶ್ವೇಶ್ವರ ಅವರು ಇನ್ನೂ ಇದ್ದರು; ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಹೈಸ್ಕೂಲಿನ ಪ್ರವಾಸದಲ್ಲಿ ತಾರಾಲಯ ಕಂಡ ನಮ್ಮಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತು?

ಈ ಹುಟ್ಟು ಸಾವುಗಳೆಲ್ಲ ನಡೆಯುವ ಊರೇ ಗೆಲಾಕ್ಸಿ. ಅಮಾವಾಸ್ಯೆಯ ರಾತ್ರಿ ಊರ ಹೊರಗೆ ನಿಂತರೆ ಆಕಾಶಕ್ಕೆ ಅಡ್ಡಲಾಗಿ ಚೆಲ್ಲಿದ ಹಾಲಿನಂತೆ ಕಾಣುವ ಆಕಾಶಗಂಗೆಯೇ ನಮ್ಮ ಗೆಲಾಕ್ಸಿ. ಅದರಲ್ಲಿ 10,000 ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ನಮ್ಮ ರಾಗಿಕಾಳಿನ ಹೋಲಿಕೆಯಲ್ಲಿ ಇದು ಚಂದ್ರನ ದೂರದ ಎರಡು ಪಟ್ಟಿಗೂ ಮೀರುತ್ತದೆ. ನವೆಂಬರ್ ಡಿಸೆಂಬರಿನ ಕತ್ತಲಲ್ಲಿ ಉತ್ತರಾಭಾದ್ರೆಯ ಬಳಿ ಕಾಣುವ ಮಸುಕಾದ ಕಲೆಯೊಂದು ಇನ್ನೊಂದು ಗೆಲಾಕ್ಸಿ. ಆಂಡ್ರೊಮಿಡ ಅದರ ಹೆಸರು. ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಯಿತು. ಅಂಥ ಗೆಲಾಕ್ಸಿಗಳು ವಿಶ್ವದಲ್ಲಿ ಅಸಂಖ್ಯಾತ.

ನಮ್ಮ ಗೆಲಾಕ್ಸಿಯ ನಡುವೆ, ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 43 ಲಕ್ಷ ಪಟ್ಟು ದ್ರವ್ಯದ ಮಹಾ ಕಪ್ಪುರಂಧ್ರವೊಂದಿದೆ. ಅದರ ನೆರಳಿನ ಚಿತ್ರವನ್ನು 2022ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಈ ನಡುವಣ ಸ್ಥಳವು ಆಕಾಶದಲ್ಲಿ ಕಾಣುವುದು ಧನುರಾಶಿಯ ದಿಕ್ಕಿನಲ್ಲಿ, ಮೂಲಾ ನಕ್ಷತ್ರದ ನೆರೆಯಲ್ಲಿ.

ಮೂಲಾ! ಈ ಹೆಸರು ಬಂದೊಡನೆ ಮದುವೆಯ ಮನೆಗಳಲ್ಲಿ ಮುಖಗಳು ಬಾಡುತ್ತವೆ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದು. ಆಶ್ಲೇಷೆಯವಳು ಅತ್ತೆಗೆ ಆಗದು. ಜ್ಯೇಷ್ಠೆಯವಳು ಭಾವನಿಗೆ ಆಗದು. ನನಗೆ ತಿಳಿದ ಒಂದು ಮನೆಯಲ್ಲಿ, ಆ ಮನೆತನಕ್ಕೇ ಮೊದಲ ಪದವೀಧರೆಯಾದ ಅಕ್ಕನಿಗೆ ಮೂರು ಸಂಬಂಧಗಳು ಈ ಒಂದೇ ಮಾತಿನಿಂದ ಮುರಿದುಹೋದವು. ಹುಡುಗಿಯ ಗುಣವನ್ನಾಗಲಿ ವಿದ್ಯೆಯನ್ನಾಗಲಿ ಯಾರೂ ಕೇಳಲಿಲ್ಲ. ಶಾಂತಚಿತ್ತದಿಂದ ಯೋಚಿಸೋಣ. ಮೂಲಾ ನಕ್ಷತ್ರದಲ್ಲಿ ಹುಟ್ಟಿದಳು ಎಂದರೆ, ಹುಟ್ಟಿದ ಹೊತ್ತಿನಲ್ಲಿ ಚಂದ್ರನು ಆ ದಿಕ್ಕಿನಲ್ಲಿ ಇದ್ದನು ಎಂಬಷ್ಟೇ ಅರ್ಥ. ಚಂದ್ರನು ಸುಮಾರು ಒಂದೊಂದು ದಿನಕ್ಕೆ ಒಂದೊಂದು ನಕ್ಷತ್ರವನ್ನು ದಾಟುತ್ತಾನೆ. ಆದ್ದರಿಂದ ಲೋಕದ ಹೆಂಗಸರಲ್ಲಿ ಇಪ್ಪತ್ತೇಳಕ್ಕೆ ಒಬ್ಬರು ಮೂಲಾ ನಕ್ಷತ್ರದವರೇ. ನಕ್ಷತ್ರದ ಹೆಸರನ್ನೇ ಕೇಳದ ದೇಶಗಳಲ್ಲಿಯೂ ಅಷ್ಟೇ. ಅಲ್ಲಿನ ಮಾವಂದಿರು ಎಲ್ಲರಂತೆಯೇ ಬಾಳುತ್ತಿದ್ದಾರೆ. ವೃಶ್ಚಿಕದ ಬಾಲದಲ್ಲಿರುವ ಆ ನಕ್ಷತ್ರವಾದರೂ ಚಂದ್ರನ ಆಚೆ ಐದುನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿದೆ. ಹುಡುಗಿ ಹುಟ್ಟಿದ ದಿನ ಅಲ್ಲಿಂದ ಹೊರಟ ಬೆಳಕು ಅವಳ ಮೊಮ್ಮಕ್ಕಳ ಕಾಲಕ್ಕೂ ಇಲ್ಲಿಗೆ ತಲಪುವುದಿಲ್ಲ.

ಹಾಗಾದರೆ ನಕ್ಷತ್ರಗಳಿಗೂ ನಮಗೂ ಯಾವ ಸಂಬಂಧವೂ ಇಲ್ಲವೇ? ಉಂಟು, ಜಾತಕಕ್ಕಿಂತ ಆಳವಾದ ಸಂಬಂಧವುಂಟು. ವಿಶ್ವದ ಆದಿಯಲ್ಲಿ ಇದ್ದದ್ದು ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂ ಮಾತ್ರ. ಉಳಿದ ಮೂಲವಸ್ತುಗಳಲ್ಲಿ ಬಹುಪಾಲು ನಕ್ಷತ್ರಗಳ ಗರ್ಭದಲ್ಲಿ ಬೆಂದು, ಅವುಗಳ ಸಾವಿನಿಂದ ಹೊರಬಿದ್ದವು. ನೇಗಿಲಿನ ಗುಳದ ಕಬ್ಬಿಣ, ನಮ್ಮ ಕೆಂಪು ಮಣ್ಣಿಗೆ ಬಣ್ಣ ಕೊಟ್ಟ ಕಬ್ಬಿಣ, ಮೈಯ ರಕ್ತದ ಕಬ್ಬಿಣ ಎಲ್ಲವೂ ಸಿಡಿದ ನಕ್ಷತ್ರಗಳಿಂದ ಬಂದದ್ದು. ರಾಗಿಯಲ್ಲಿ ಹೇರಳವಾಗಿರುವ, ಮೂಳೆಗೆ ಬಲ ಕೊಡುವ ಕ್ಯಾಲ್ಸಿಯಂ ಸಹ ಹಾಗೆಯೇ. ಸಿರಾ ಸೀಮೆಯ ಅಜ್ಜನಹಳ್ಳಿಯಲ್ಲಿ ಅಗೆದು ತೆಗೆದ ಚಿನ್ನದಂಥ ಭಾರ ಲೋಹಗಳು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಹುಟ್ಟುತ್ತವೆಂಬುದಕ್ಕೆ 2017ರ ಆಗಸ್ಟ್ 17ರಂದು ಕಂಡ ಒಂದು ಘಟನೆಯಿಂದ ಬಲವಾದ ಆಧಾರ ದೊರಕಿತು. ಮದುವೆಯಲ್ಲಿ ಕಟ್ಟುವ ತಾಳಿಯ ಚಿನ್ನಕ್ಕೆ ನಕ್ಷತ್ರದ ನಂಟು ಉಂಟು. ಆ ನಂಟು ಮೂಲಾದವಳಿಗೂ ರೋಹಿಣಿಯವಳಿಗೂ ಒಂದೇ.

ಆದ್ದರಿಂದ ನಮ್ಮ ಹಿರಿಯರು ಕೊಟ್ಟ ಎರಡು ಲೆಕ್ಕಗಳಲ್ಲಿ ಒಂದನ್ನು ಉಳಿಸಿಕೊಳ್ಳೋಣ, ಒಂದನ್ನು ಬಿಡೋಣ. ಮಳೆಯ ಲೆಕ್ಕವು ಕಣ್ಣಿಂದ ನೋಡಿ ಕಟ್ಟಿದ್ದು. ಅದನ್ನು ಬಲ್ಲವರಿಂದ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮ ಕರ್ತವ್ಯ. ಹೆಣ್ಣನ್ನು ಹಳಿಯುವ ಲೆಕ್ಕವನ್ನು ಯಾರೂ ನೋಡಿ ಕಟ್ಟಲಿಲ್ಲ. ಅದನ್ನು ನಮ್ಮ ನಮ್ಮ ಮನೆಗಳಲ್ಲಿ ವಿನಯದಿಂದ, ಆದರೆ ದೃಢವಾಗಿ ಬೇಡವೆನ್ನುವುದು ಮನೆಗೆ ಮೊದಲ ಪದವಿ ತರುವವರ ಹೊಣೆ. ನಾವಲ್ಲದೆ ಮತ್ತಾರು ಹೇಳಬೇಕು?

ನಮ್ಮ ಜಿಲ್ಲೆಯ ಬೆಳ್ಳಾವೆಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ನೂರು ವರ್ಷಕ್ಕೂ ಹಿಂದೆಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದವರು. ಆ ದಾರಿಯಲ್ಲಿ ಇದೊಂದು ಚಿಕ್ಕ ಹೆಜ್ಜೆ. ಖಗೋಳ ಶಾಸ್ತ್ರಕ್ಕೆ ಪ್ರಯೋಗಶಾಲೆ ಬೇಕೆಂದು ಕಲಾ ವಿಭಾಗದವರು ಹಿಂಜರಿಯಬೇಕಾಗಿಲ್ಲ. ದೊಡ್ಡ ಪಟ್ಟಣದವರು ದೀಪಗಳ ಬೆಳಕಿನಲ್ಲಿ ಕಳೆದುಕೊಂಡ ಕತ್ತಲೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅಧ್ಯಾಪಕರು ಒಪ್ಪಿದರೆ ಬರುವ ಮಾಗಿಯಲ್ಲಿ ಒಂದು ಅಮಾವಾಸ್ಯೆಯ ರಾತ್ರಿ ಬೆಟ್ಟದ ತಪ್ಪಲಿನಲ್ಲಿ ಸೇರಿ, ಆರಿದ್ರೆಯನ್ನೂ ರೋಹಿಣಿಯನ್ನೂ ಬೆರಳಿಟ್ಟು ಗುರುತಿಸಬಹುದು. ಮೂಲಾವನ್ನು ನೋಡಲು ಬೇಸಗೆಯವರೆಗೆ ಕಾಯಬೇಕು. ಕಾದು ನೋಡಿದವರಿಗೆ ಅಲ್ಲಿ ಒಂದು ಸುಂದರವಾದ ನೀಲಿ ಬಿಳುಪಿನ ನಕ್ಷತ್ರ ಕಾಣುತ್ತದೆ.